ಬಟ್ಟಲಲ್ಲಿಟ್ಟು ಕೊಟ್ಟ ಚಮಚ

ಗ್ರ್‌ರ್... ಟಕ್. ಗ್ರ್‌ರ್... ಟಕ್, ಟಕ್.

ಫ್ಲಾಪಿ ಡ್ರೈವಿನ ಸದ್ದು. ನಮ್ಮ ಅತ್ತೆ ಅಡಕೊತ್ತಿನಲ್ಲಿ ಹಳೆಯ ಗಟ್ಟಿ ಅಡಿಕೆ ಕತ್ತರಿಸುವಾಗ ಇಂಥದೇ ಸದ್ದು ಬರುತ್ತಿತ್ತು. ಮಧ್ಯಾಹ್ನದ ಊಟವಾದ ಮೇಲೆ ಗೋಡೆಯ ಆಚೆ ಅದು, ಈಚೆ ಇದು. ಇವತ್ತಿಗೂ ಯಾರಾದರೂ ಅಡಿಕೆ ಕತ್ತರಿಸಿದರೆ ನನ್ನ ಕಣ್ಣೆದುರು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಮೂಡುತ್ತವೆ: ಇನ್ಸರ್ಟ್ ಡಿಸ್ಕ್ ತ್ರೀ. ಅದರ ಹಿಂದೆಯೇ ಬಾಯಲ್ಲಿ ಒಂದು ಕಹಿ. ಆ ಕಹಿ ಎಲ್ಲಿಂದ ಬಂತು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೋದ ತಿಂಗಳು ಮೊಮ್ಮಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಮಂಚದ ಮೇಲೆ ಬಂದು ಕೂತಳು. ಸೋಲಾಪುರದಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಮಾತಾಡುತ್ತಾಳೆ, ಓದಲಿಕ್ಕೆ ಬರುವುದಿಲ್ಲ, ಶುರು ಮಾಡಿದ ವಾಕ್ಯವನ್ನು ಅರ್ಧಕ್ಕೆ ಮರಾಠಿಗೆ ಒಪ್ಪಿಸಿಬಿಡುತ್ತಾಳೆ.

"ಅಜ್ಜೀ, ಹೇ ಬಘ್. ನಿನ್ನ ಟೈಮಿನ ಗೇಮ್ಸ್. ನೀನೂ ಆಡತಿದ್ದಿ ಅಂತ ಪಪ್ಪಾ ಹೇಳ್ತಾರ, ಖರೇನ?"

ಪರದೆಯ ಮೇಲೆ ಒಬ್ಬ ಗಡ್ಡದವನು. ಕಿವಿಗೆ ಹೆಡ್‌ಫೋನು. ಅವನ ಹಿಂದೆ ಗಾಜಿನ ಕಪಾಟಿನಲ್ಲಿ ಹಳೆಯ ಗೇಮುಗಳ ಡಬ್ಬಿಗಳನ್ನು ದೇವರ ಮನೆಯ ಹಾಗೆ ಜೋಡಿಸಿ, ಮೇಲೊಂದು ಸಣ್ಣ ಲೈಟು ಬೇರೆ ಬಿಟ್ಟಿದ್ದ. ಗ್ರಾಫಿಕ್ ಅಡ್ವೆಂಚರ್ ಗೇಮುಗಳ ಆ ಗೋಲ್ಡನ್ ಏಜ್ ಇನ್ನು ಬರಲಾರದು ಎನ್ನುವಾಗ ಅವನ ಕಣ್ಣು ಒದ್ದೆಯಾಗಿತ್ತು.

ಹೇಸಿಗೆಯಾದರೆ ಅದನ್ನು ಮುಖದ ಮೇಲೆ ತೋರಿಸಬಾರದು ಎಂದು ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ್ದರು. ಎ ಲೇಡಿ ಡಸ್ ನಾಟ್ ಮೇಕ್ ಫೇಸಸ್. ಎಪ್ಪತ್ತು ದಾಟಿದ ಮೇಲೆ ಆ ಪಾಠವನ್ನು ನಾನು ಸಿಸ್ಟರುಗಳಿಗೇ ವಾಪಸು ಕೊಟ್ಟಿದ್ದೇನೆ.

"ಥೂ," ಎಂದೆ.

"ಕಾ ಗ, ಯಾಕ? ಇಷ್ಟ ಚಂದ ಹೇಳಾಕತ್ತಾನ."

"ಗೋಲ್ಡ್ ಅಂತ ಗೋಲ್ಡ್! ನಮ್ಮ ಕೀಬೋರ್ಡ್ ಬೋರಲ ಹಾಕಿ ಬಡದ್ರ ಏನ ಉದರತಿತ್ತು ಗೊತ್ತೈತೇನು ನಿನಗ?"

ನಮ್ಮ ಅಂಗಡಿಯ ಲೆಕ್ಕ ಬರೆಯುತ್ತಿದ್ದ ಮುನೀಮರ ತಂಬಾಕಿನ ಪುಡಿ, ಒಣಗಿದ ಸುಣ್ಣ, ಶೇವಿನ ಚೂರು, ನೂಲಿನ ಜುಂಗು, ಒಮ್ಮೆ ಜಿರಲೆಯ ಒಂದು ಕಾಲು. ಒಂದೇ ಕಾಲು. ಉಳಿದ ಜಿರಲೆ ಎಲ್ಲಿ ಹೋಯಿತು ಎಂಬ ಯೋಚನೆಯಲ್ಲಿ ನಾನು ಎರಡು ದಿನ ಊಟ ಮಾಡಿರಲಿಲ್ಲ.

ನಮ್ಮದು ಚಾದರ, ಟವೆಲ್ಲುಗಳ ವ್ಯಾಪಾರ. ಪರದೇಶದ ಗಿರಾಕಿಗಳಿಗೆ ಪತ್ರ ಬರೆಯಲು ಇಂಗ್ಲಿಷ್ ಬೇಕು. ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದದ್ದು ನನಗೊಬ್ಬಳಿಗೇ. ನಮ್ಮವರು ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ: ವಿ ಆರ್ ಇನ್ ರಿಸೀಟ್ ಆಫ್ ಯುವರ್ ಎಸ್ಟೀಮ್ಡ್ ಲೆಟರ್. ತೊಂಬತ್ತರ ದಶಕದ ಆರಂಭದಲ್ಲಿ ಟೈಪ್‌ರೈಟರಿನ ಜಾಗಕ್ಕೆ ಕಂಪ್ಯೂಟರ್ ಬಂತು. ಅಂಗಡಿಯಲ್ಲಿ ನೂಲಿನ ಧೂಳು, ಅಲ್ಲಿಡಬೇಡಿ ಎಂದು ಮಾರಿದವನೇ ಹೇಳಿದ. ಹೀಗಾಗಿ ಅದು ಮನೆಗೆ ಬಂತು. ಮಂಗಳವೇಢೆಯಿಂದ ಬರುತ್ತಿದ್ದ ಜೋಳದ ಚೀಲ ಒಟ್ಟುತ್ತಿದ್ದ ಸಣ್ಣ ಕೋಣೆಗೆ ಏಸಿ ಹಚ್ಚಿ ಅಲ್ಲಿ ಕೂರಿಸಿದರು.

ಆ ಕೋಣೆಯ ನಾತ! ಕಿಟಕಿ ತೆರೆಯುವ ಹಾಗಿಲ್ಲ. ಜೋಳ ಹೋದರೂ ನುಸಿಯ ವಾಸನೆ ಹೋಗಿರಲಿಲ್ಲ. ಅದರ ಮೇಲೆ ಏಸಿಯ ಬೂಷ್ಟಿನ ವಾಸನೆ. ಕಂಪ್ಯೂಟರಿಗೆ ಧೂಳು ಆಗಬಾರದೆಂದು ಗಂಡಸರೆಲ್ಲ ಬೂಟು ಹೊರಗೆ ಬಿಟ್ಟು ಬರಿ ಸಾಕ್ಸಿನಲ್ಲಿ ಒಳಗೆ ಬರುತ್ತಿದ್ದರು. ಆ ಸಾಕ್ಸಿನ ಬಗ್ಗೆ ನಾನು ಬರೆಯುವುದಿಲ್ಲ. ಅತ್ತೆ ಕಂಪ್ಯೂಟರಿಗೆ ಒಂದು ಚಾದರದ ಹೊದಿಕೆ ಹೊಲಿದಿದ್ದರು, ಅಂಚಿಗೆ ಗೊಂಡೆ. ದಸರೆಗೆ ಪರದೆಯ ನೆತ್ತಿಗೆ ಕುಂಕುಮ. ಅದನ್ನು ಒರೆಸುವ ಧೈರ್ಯ ಯಾರಿಗೂ ಇರಲಿಲ್ಲ. ವರ್ಷವಿಡೀ ಕಪ್ಪಾಗುತ್ತ ಅಲ್ಲೇ ಇರುತ್ತಿತ್ತು.

ಮಾರಿದವನು ಹೋಗುವಾಗ ಒಂದು ಡಬ್ಬಿ ತುಂಬ ಫ್ಲಾಪಿ ಕೊಟ್ಟು, "ಮಕ್ಕಳಿಗೆ" ಎಂದಿದ್ದ. ಎಲ್ಲ ಕಾಪಿ ಹೊಡೆದವು. ಮಳೆಗಾಲದಲ್ಲಿ ಅವಕ್ಕೆ ಬಿಳಿ ಬೂಷ್ಟು ಬರುತ್ತಿತ್ತು. ನನ್ನ ಮಗ ನಾಲ್ಕು ದಿನ ಆಡಿ, ಇದರಲ್ಲಿ ಹೊಡೆದಾಟವಿಲ್ಲ, ಬರೀ ಓದುವುದು ಎಂದು ಬಿಟ್ಟುಬಿಟ್ಟ. ಹಾಗೆ ಬಿಟ್ಟದ್ದನ್ನು ನಾವು ಎತ್ತಿಕೊಂಡೆವು. ನಾವು ಎಂದರೆ ನಾನು ಮತ್ತು ನನ್ನ ನಾದಿನಿ.

ನಾದಿನಿಯನ್ನು ಅಕ್ಕಲಕೋಟೆಗೆ ಕೊಟ್ಟಿತ್ತು. ಗಂಡನ ಮನೆಯವರದು ಗುಡಿಯ ಹತ್ತಿರ ಕಾಯಿ, ಹೂವು, ಪೇಢೆಯ ಅಂಗಡಿ. ಮದುವೆಯಾಗಿ ಎಂಟು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಒಂದು ವರ್ಷ ಸೋಲಾಪುರದ ಡಾಕ್ಟರಿಗೆ ತೋರಿಸುವುದು, ಆಮೇಲೆ ಆ ಮಾತು ಬಿಡುವುದು ಎಂದು ಅವಳ ಅತ್ತೆ ಮಾವ ತೀರ್ಮಾನಿಸಿದ್ದರು. ಹದಿನೈದು ದಿನಕ್ಕೊಮ್ಮೆ ಸೋಮವಾರ ಬೆಳಗಿನ ಎಸ್‌ಟಿ ಬಸ್ಸು ಹಿಡಿದು ಕುಂಭಾರಿಯ ಮೇಲೆ ಹಾದು ಬರುತ್ತಿದ್ದಳು. ಡಾಕ್ಟರು, ಆಮೇಲೆ ತವರುಮನೆಯಲ್ಲಿ ಊಟ, ಸಂಜೆ ಐದರ ಬಸ್ಸಿಗೆ ವಾಪಸು. ಅವಳ ಗಂಡನನ್ನು ಯಾವ ಡಾಕ್ಟರಿಗೂ ತೋರಿಸಲಿಲ್ಲ. ತೋರಿಸಬೇಕು ಎಂದು ಯಾರೂ ಬಾಯಿ ಬಿಡಲಿಲ್ಲ. ಸಿಸ್ಟರುಗಳ ಹತ್ತಿರ ಬಯಾಲಜಿ ಕಲಿತ ನಾನೂ ಬಿಡಲಿಲ್ಲ. ಅದನ್ನು ನೆನೆದರೆ ಜಿರಲೆಯ ಕಾಲು ಏನೂ ಅಲ್ಲ.

"ಆ ದವಾಖಾನಿ ಗ್ವಾಡಿ ತುಂಬ ದಪ್ಪನ್ನ ಕೂಸಿನ ಫೋಟೋ ಹಚ್ಯಾರ್ರಿ ವೈನಿ," ಎನ್ನುತ್ತಿದ್ದಳು ಬಂದವಳೇ, ಕಾಲಿಗೆ ನೀರು ಹಾಕಿಕೊಳ್ಳುತ್ತ. "ಅವೆಲ್ಲಾ ನನ್ನ ನೋಡಿ ನಗತಾವು. ವಾಂತಿ ಬರತೈತಿ. ನಡೀರಿ, ನಮ್ಮ ಹುಡುಗಿ ಏನ ಮಾಡಾಕತ್ತಾಳ ನೋಡೂಣು."

ನಮ್ಮ ಹುಡುಗಿ ಎಂದರೆ ಗೇಮಿನ ಹುಡುಗಿ. ಹೆಬ್ಬೆರಳಿನಷ್ಟು ಎತ್ತರ, ಕೆಂಪು ಲಂಗ, ಮುಖದ ಜಾಗಕ್ಕೆ ನಾಲ್ಕು ಚುಕ್ಕೆ. ಕಳೆದುಹೋದ ಅಪ್ಪನನ್ನು ಹುಡುಕುತ್ತ ಒಂದು ಸಮುದ್ರದ ಊರಿಗೆ ಬಂದಿದ್ದಾಳೆ. ಸಮುದ್ರ ಕಡು ನೇರಳೆ, ಅಂಥ ಬಣ್ಣದ ಸಮುದ್ರ ಎಲ್ಲೂ ಇಲ್ಲ ಎಂದು ನಾನು ಹೇಳಿದರೆ ನಾದಿನಿ, "ನೀವೇನ ಎಲ್ಲಾ ಸಮುದ್ರ ನೋಡಿ ಬಂದೀರೇನು?" ಎನ್ನುತ್ತಿದ್ದಳು. ಊರಾಚೆ ಬಂಡೆಯ ಮೇಲೆ ಒಂದು ದೀಪಸ್ತಂಭ, ಅದಕ್ಕೊಂದು ನೀಲಿ ಬಾಗಿಲು. ಅಪ್ಪ ಅದರೊಳಗೆ ಇದ್ದಾನೆ ಎಂದು ಊರವರ ಮಾತು. ಆ ಬಾಗಿಲು ತೆರೆಯಬೇಕು. ಅಷ್ಟೇ ಕಥೆ.

ಪರದೆಯ ಕೆಳಗೆ ಎಂಟು ಶಬ್ದ: ಲುಕ್, ಟೇಕ್, ಗಿವ್, ಓಪನ್, ಟಾಕ್, ಯೂಸ್, ಪುಶ್, ಪುಲ್. ನಾದಿನಿ ಏಳನೆಯವರೆಗೆ ಕನ್ನಡ ಸಾಲಿ ಓದಿದವಳು. ಎರಡು ಸೋಮವಾರದಲ್ಲಿ ಆ ಎಂಟು ಶಬ್ದಗಳ ಜಾಗ ಅವಳಿಗೆ ಅಡುಗೆಮನೆಯ ಡಬ್ಬಿಗಳ ಹಾಗೆ ಪಾಠವಾಯಿತು. ಮೌಸ್ ಅವಳ ಕೈಯಲ್ಲಿ; ಓದುವುದು, ಕನ್ನಡ ಮಾಡಿ ಹೇಳುವುದು ನನ್ನ ಕೆಲಸ. ಹುಡುಗಿ ಎತ್ತಿಕೊಂಡ ಸಾಮಾನೆಲ್ಲ ಪರದೆಯ ತಳದಲ್ಲಿ ಸಾಲಾಗಿ ಕಾಣುತ್ತಿದ್ದವು. ಇಂಗ್ಲಿಷಿನಲ್ಲಿ ಇನ್ವೆಂಟರಿ. ನಾದಿನಿ ಅದಕ್ಕೆ ಉಡಿ ಅಂದಳು. ಹಗ್ಗ ಉಡಿಯಲ್ಲಿ, ಮೇಣಬತ್ತಿ ಉಡಿಯಲ್ಲಿ, ಬೀದಿಯಲ್ಲಿ ಸಿಕ್ಕ ಬೆಳ್ಳಿಯ ಚಮಚ ಉಡಿಯಲ್ಲಿ.

ಒಮ್ಮೆ ಒಣಮೀನು ಉಡಿಗೆ ಬಂತು.

"ಶೀ! ಅದನ್ನ ತಗೀರಿ. ಅದನ್ನ ಉಡ್ಯಾಗ ಕಟ್ಟಕೊಂಡು ಎಲ್ಲೆ ತಿರಗ್ಯಾಳ ಆಕಿ?"

"ಗೇಮ್ ತಂಗಿ, ಬರೇ ಗೇಮ್."

"ಗೇಮ್ ಆದ್ರೂ ನಾತ ನಾತನ ಅಲ್ರಿ?"

ಸಿಕ್ಕ ಮೊದಲ ಬೆಕ್ಕಿಗೆ ಅದನ್ನು ಕೊಡಿಸಿಬಿಟ್ಟಳು. ನೋಡಿದರೆ ಅದೇ ಸರಿ; ಬೆಕ್ಕು ಎದ್ದು ಹೋಯಿತು, ಅದು ಕೂತಿದ್ದ ಜಾಗದಲ್ಲಿ ಕೀಲಿ ಇತ್ತು. ಅವಳು ಹಾಗೆಯೇ. ಯಾರನ್ನಾದರೂ ಏನಾದರೂ ಕೇಳುವ ಮೊದಲು ಕೈಯಲ್ಲಿ ಏನಾದರೂ ಕೊಡಬೇಕು, ಮುದುಕರನ್ನು ಮೊದಲು ಮಾತಾಡಿಸಬೇಕು, ಮುಚ್ಚಿದ ಬಾಗಿಲನ್ನು ಎರಡು ಸಲ ಬಡಿಯಬೇಕು. ಕಾನ್ವೆಂಟಿನಲ್ಲಿ ಕಲಿತ ನನ್ನ ಲಾಜಿಕ್ಕು ಬಿಕ್ಕಳಿಸಿ ನಿಂತ ಕಡೆಯಲ್ಲೆಲ್ಲ ಅವಳ ರೀತಿ ನಡೆಯಿತು.

ಅತ್ತೆ ಆಗಾಗ ಅಡಕೊತ್ತು ಹಿಡಿದುಕೊಂಡೇ ಬಾಗಿಲಿಗೆ ಬಂದು ಇಣುಕುತ್ತಿದ್ದರು.

"ಆ ಹುಡುಗೀದು ಲಗ್ನ ಆಗೇತೇನ?"

"ಇಲ್ಲವ್ವ, ಅಪ್ಪನ್ನ ಹುಡಕಾಕ ಹೊಂಟಾಳ."

"ಒಬ್ಬಾಕಿನ?"

"ಒಬ್ಬಾಕಿನ."

"ಮನ್ಯಾಗ ಯಾರೂ ಬೈಲಿಲ್ಲೇನ?" ಎಂದು ಕೈಯಲ್ಲಿದ್ದ ಅಡಿಕೆ ಕತ್ತರಿಸಿ, "ಊಟರೆ ಹಾಕ್ರಿ ಆಕಿಗೆ, ಹೋದ ತಿಂಗಳಿಂದ ನಡದ ನಡಿಯಾಕತ್ತಾಳ," ಎಂದು ಒಳಗೆ ಹೋಗುತ್ತಿದ್ದರು.

ಊಟ ಹಾಕಿದವಳು ಬಂದರಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿ. ಒಂದು ಬಟ್ಟಲಲ್ಲಿ ಸಾರು ಕೊಟ್ಟಳು. ಇಂಗ್ಲಿಷಿನಲ್ಲಿ ಫಿಶ್ ಸೂಪ್ ಎಂದಿತ್ತು. ಒಣಮೀನಿನ ಗದ್ದಲ ನೆನಪಿದ್ದ ನಾನು, "ಬ್ಯಾಳಿ ಸಾರು" ಎಂದು ಓದಿದೆ. ಹೀಗೆ ಅಲ್ಲಲ್ಲಿ ನಾನು ತಿದ್ದುತ್ತಿದ್ದೆ. ನಾವಿಕನ ಬೈಗುಳವನ್ನು ಬಿಟ್ಟುಬಿಡುತ್ತಿದ್ದೆ, ಹೆಂಡದಂಗಡಿಯನ್ನು ಚಹಾದಂಗಡಿ ಮಾಡುತ್ತಿದ್ದೆ. ಒಂದು ಭಾಷೆ ಬಲ್ಲವರಿಗೆ ಅದು ತಿಳಿಯದವರ ಮೇಲೆ ಬರುವ ಈ ದೊಡ್ಡಸ್ತಿಕೆ ಇದೆಯಲ್ಲ, ಅದು ಬಹಳ ಕೊಳಕು ಸುಖ. ಆಗ ಅದನ್ನು ಪ್ರೀತಿ ಎಂದುಕೊಂಡಿದ್ದೆ.

ಹುಡುಗಿ ಸಾರು ಕುಡಿದಳು. ಬಟ್ಟಲು ಉಡಿಯಲ್ಲಿ ಉಳಿಯಿತು.

"ವಾಪಸ್ ಕೊಡೂಣು," ಎಂದಳು ನಾದಿನಿ.

"ಇಟ್ಕೋ. ಮುಂದ ಬೇಕಾದೀತು."

"ಅಯ್ಯ, ಮಂದಿ ಮನಿ ಬಟ್ಟಲ!" ಮೌಸು ಗಿವ್ ಮೇಲೆ ಹೋಗಿ, ಅಲ್ಲೇ ನಿಂತಿತು. "ಖಾಲಿ ಹೆಂಗ ಕೊಡೂದ್ರಿ?"

ನಮ್ಮ ಕಡೆ ನೆರೆಮನೆಯಿಂದ ಬಂದ ಪಾತ್ರೆಯನ್ನು ಯಾರೂ ಖಾಲಿ ಹಿಂತಿರುಗಿಸುವುದಿಲ್ಲ. ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಏನೂ ಇಲ್ಲದಿದ್ದರೆ ನಾಲ್ಕು ಜೋಳದ ಕಾಳು. ನಾದಿನಿ ಉಡಿಯನ್ನೆಲ್ಲ ನೋಡಿದಳು. ಹಗ್ಗ ಕೊಡುವ ಹಾಗಿಲ್ಲ, ಅರ್ಧ ಉರಿದ ಮೇಣಬತ್ತಿ ಕೊಡುವ ಹಾಗಿಲ್ಲ. ಕಡೆಗೆ ಬೆಳ್ಳಿಯ ಚಮಚವನ್ನು ಬಟ್ಟಲಲ್ಲಿಟ್ಟು ಬಟ್ಟಲನ್ನು ಮುದುಕಿಗೆ ಕೊಟ್ಟಳು. ಗೇಮು ಒಪ್ಪಿಕೊಂಡಿತು! ಮುದುಕಿ ಹೇಳಿದಳು: ಯು ಹ್ಯಾವ್ ಬೀನ್ ವೆಲ್ ಬ್ರಾಟ್ ಅಪ್, ಚೈಲ್ಡ್.

"ಏನ ಅಂದಳು?"

"ನಿನ್ನ ಛೊಲೋ ಬೆಳಸ್ಯಾರ ಅಂದಳು."

ನಾದಿನಿ ಸೆರಗಿನಿಂದ ಮುಖ ಒರೆಸಿಕೊಂಡಳು. ಎಂಟು ವರ್ಷದಲ್ಲಿ ಯಾರೂ ಅವಳಿಗೆ ಆ ಮಾತು ಹೇಳಿರಲಿಕ್ಕಿಲ್ಲ. ನಾನು ತಿದ್ದದೆ ಇದ್ದದ್ದನ್ನು ಇದ್ದ ಹಾಗೆ ಓದಿದ ಕೆಲವೇ ಸಾಲುಗಳಲ್ಲಿ ಅದೂ ಒಂದು.

ದೋಣಿ ಹತ್ತಿ ಬಂಡೆಗೆ ಹೋದೆವು. ದೋಣಿ ವಾಪಸು ಹೋಯಿತು. ನೀಲಿ ಬಾಗಿಲ ಮುಂದೆ ನಿಂತೆವು. ಅಲ್ಲೇ ನಿಂತೆವು, ಒಂದು ಸೋಮವಾರವಲ್ಲ, ಐದು ಸೋಮವಾರ. ಬಾಗಿಲಿಗೆ ಒಂದು ಸಣ್ಣ ಬಿರುಕು. ಯು ನೀಡ್ ಸಂಥಿಂಗ್ ಥಿನ್ ಅಂಡ್ ಸ್ಟ್ರಾಂಗ್ ಎಂದು ಗೇಮು ಹೇಳುತ್ತಿತ್ತು. ಹಗ್ಗ ತುರುಕಿದೆವು, ಬಾಚಣಿಗೆ ತುರುಕಿದೆವು, ಮೇಣಬತ್ತಿ ಹಚ್ಚಿ ನೋಡಿದೆವು. ಬಾಗಿಲು ಬಡಿದೆವು, ಎರಡು ಸಲ. ನಾದಿನಿ ಅಕ್ಕಲಕೋಟೆಯಲ್ಲಿ ಹೂವು ಕಟ್ಟುತ್ತ ಯೋಚನೆ ಮಾಡಿಕೊಂಡು ಬಂದದ್ದನ್ನೆಲ್ಲ ನಡೆಸಿ ನೋಡುತ್ತಿದ್ದಳು. ಅಪ್ಪ ಒಳಗೆ ಏನು ಮಾಡುತ್ತಿರಬಹುದು, ದೀಪ ಹಚ್ಚಿಕೊಂಡಿರಬಹುದೇ, ಗುರುತು ಹಿಡಿಯುತ್ತಾನೋ ಇಲ್ಲವೋ, ಇದೇ ಮಾತು.

ಒಂದು ಸೋಮವಾರ ಅವಳು ಸೀರೆಯ ನೆರಿಗೆ ಸರಿ ಮಾಡಿಕೊಳ್ಳುತ್ತ ಹೇಳಿದಳು: "ಇನ್ನ ಎರಡ ಸಲ ಬರತೀನಿ ನೋಡ್ರಿ ವೈನಿ. ವರ್ಷ ಮುಗೀತು. ಆಮ್ಯಾಲ ಕಳಸೂದಿಲ್ಲ ಅಂದಾರ." ಮತ್ತೆ ನಕ್ಕಳು. "ಏನಾರ ಆಗವಲ್ದ್ಯಾಕ, ಬಾಗಿಲಾ ಒಂದ ತಗಸ್ರಿ. ಒಂದರೆ ತಗದ್ದು ನೋಡಿ ಹೋಗತೀನಿ. ಆದ್ರ ನಾ ಇಲ್ಲದಾಗ ಮುಟ್ಟಬ್ಯಾಡ್ರಿ ಮತ್ತ."

"ಮುಟ್ಟೂದಿಲ್ಲ."

"ಆಣಿ?"

"ಆಣಿ."

ಅವಳು ಹೋದ ಮರುದಿನವೇ ಪುಣೆಯಲ್ಲಿದ್ದ ನನ್ನ ಕಾನ್ವೆಂಟಿನ ಗೆಳತಿಗೆ ಪತ್ರ ಬರೆದೆ. ಅವಳ ಗಂಡನದು ಕಂಪ್ಯೂಟರಿನ ಕೆಲಸ. ವಾರದೊಳಗೆ ಅಂಚೆಯಲ್ಲಿ ಎರಡು ಝೆರಾಕ್ಸ್ ಹಾಳೆ ಬಂದವು, ಯಾವುದೋ ಪತ್ರಿಕೆಯದು, ಗೇಮಿನ ಉತ್ತರವೆಲ್ಲ ಮೊದಲಿಂದ ಕೊನೆಯ ತನಕ. ಕೊನೆಗೆ ಹೀಗಿತ್ತು: ಚಮಚವನ್ನು ಬಿರುಕಿಗೆ ಹಾಕಿ ಮೀಟಿ, ಚಮಚ ಮುದುಕಿಗೆ ಕೊಟ್ಟಿದ್ದರೆ ಈ ಆಟ ಇನ್ನು ಮುಗಿಯದು, ಹಿಂದೆ ಸೇವ್ ಮಾಡಿದ ಜಾಗದಿಂದ ಮತ್ತೆ ಆಡಿ.

ಆ ಸಾಲು ಓದಿ ನನಗೆ ಮೈಯೆಲ್ಲ ಜುಂ ಎಂದಿತು. ಯಾರೋ ದೂರದ ದೇಶದಲ್ಲಿ ಕೂತು, ಒಳ್ಳೆಯ ನಡತೆಗೆ ಒಂದು ಶಹಬ್ಬಾಸ್ ಕೊಟ್ಟು, ಆ ಶಹಬ್ಬಾಸಿನ ಕೆಳಗೆ ಗುಂಡಿ ತೋಡಿದ್ದ. ಇಂಥದ್ದು ಆ ಕಾಲದ ಗೇಮುಗಳಲ್ಲಿ ಎಷ್ಟೋ ಇದ್ದವಂತೆ. ಎರಡನೇ ತಾಸಿನಲ್ಲಿ ಒಂದು ತಪ್ಪು ಮಾಡಿದರೆ ಇಪ್ಪತ್ತನೇ ತಾಸಿನಲ್ಲಿ ಗೊತ್ತಾಗುವುದು. ಗಡ್ಡದವನು ಅದನ್ನೂ ಹೊಗಳಿದ: ಸೋ ಚಾಲೆಂಜಿಂಗ್! ಹೇಸಿಗೆಯಾಗದೆ ಇನ್ನೇನಾದೀತು?

ನಾನು ಏನು ಮಾಡಬೇಕಿತ್ತು ಎಂದು ನನಗೆ ಗೊತ್ತಿತ್ತು. ಸೋಮವಾರ ಅವಳಿಗೆ ಹಾಳೆ ತೋರಿಸಿ, ನೋಡು, ಹೀಗಾಗಿದೆ, ಏನು ಮಾಡೋಣ ಎಂದು ಕೇಳಬೇಕಿತ್ತು. ಆದರೆ ನಿನ್ನ ರೀತಿಯೇ ತಪ್ಪಾಯಿತು ಎಂದು ಅವಳಿಗೆ ಹೇಗೆ ಹೇಳುವುದು? ಇನ್ನು ಎರಡೇ ಸೋಮವಾರ. ಹಿಂದಿನ ಯಾವ ಜಾಗವನ್ನೂ ನಾವು ಸೇವ್ ಮಾಡಿಟ್ಟಿರಲಿಲ್ಲ; ಇಬ್ಬರೂ ಕೂತು ಮೊದಲಿಂದ ಆಡಿದರೆ ಅಷ್ಟರೊಳಗೆ ಮುಗಿಯುವುದಿಲ್ಲ. ಅವಳಿಗೋಸ್ಕರ ಬಾಗಿಲ ತನಕ ನಾನೇ ಆಡಿ, ಚಮಚ ಉಡಿಯಲ್ಲಿಟ್ಟು ತಯಾರು ಮಾಡುತ್ತೇನೆ, ಬಾಗಿಲು ಅವಳೇ ತೆರೆಯಲಿ. ಇಷ್ಟು ಚೆಂದದ ಕಾರಣ ಸಿಕ್ಕಮೇಲೆ ಆಣೆ ಎಷ್ಟು ಹೊತ್ತು ನಿಂತೀತು?

ಐದು ದಿನ ಬೇಕಾಯಿತು. ಎಡಗೈಯಲ್ಲಿ ಹಾಳೆ, ಬಲಗೈಯಲ್ಲಿ ಮೌಸ್. ಹುಡುಗಿ ಕೀಲಿಕೊಟ್ಟ ಗೊಂಬೆಯ ಹಾಗೆ ಓಡಾಡಿದಳು. ಯಾರನ್ನೂ ಎರಡನೇ ಸಲ ಮಾತಾಡಿಸಲಿಲ್ಲ. ಮುದುಕಿಯ ಸಾರು ಕುಡಿದು ಬಟ್ಟಲನ್ನು ಖಾಲಿ ಕೊಟ್ಟೆ. ಮುದುಕಿ ಏನೂ ಅನ್ನಲಿಲ್ಲ; ಬಟ್ಟಲು ತೆಗೆದುಕೊಂಡು ಬೇರೆ ಕಡೆ ತಿರುಗಿದಳು. ಗೇಮಿನವರು ಅದನ್ನೂ ಚಿತ್ರಿಸಿದ್ದರು, ಆ ತಿರುಗುವುದನ್ನು. ಶುಕ್ರವಾರ ಮಧ್ಯಾಹ್ನ ನೀಲಿ ಬಾಗಿಲ ಮುಂದೆ ನಿಲ್ಲಿಸಿ, ನಮ್ಮ ಹಳೆಯ ಆಟದ ಮೇಲೆಯೇ ಸೇವ್ ಮಾಡಿದೆ. ಕಂಪ್ಯೂಟರ್ ಬಂದ್ ಮಾಡಬೇಕಿತ್ತು.

ಬಂದ್ ಮಾಡಲಿಲ್ಲ. ಯೂಸ್. ಚಮಚ. ಬಿರುಕು.

ಬಾಗಿಲು ತೆರೆಯಿತು. ಗ್ರ್‌ರ್, ಟಕ್ ಟಕ್. ಒಳಗೆ ಪೂರ್ತಿ ಕಪ್ಪು. ಕಪ್ಪಿನ ಮೇಲೆ ಅಕ್ಷರ: ಅಭಿನಂದನೆಗಳು, ನಿಮ್ಮ ತಂದೆ ಎಲ್ಲಿದ್ದಾರೆಂದು ತಿಳಿಯಲು ಎರಡನೆಯ ಭಾಗವನ್ನು ನಿಮ್ಮ ಹತ್ತಿರದ ಅಂಗಡಿಯಲ್ಲಿ ಇಂದೇ ಕೇಳಿ. ಆಮೇಲೆ ಸ್ಪೀಕರಿನಿಂದ ಒಂದು ಪೀಂ ಪೀಂ ಹಾಡು. ಮುಗಿಯಿತು.

ಆ ನಾತದ ಕೋಣೆಯಲ್ಲಿ, ಬೂಷ್ಟಿನ ಗಾಳಿಯಲ್ಲಿ, ಎಷ್ಟೋ ಹೊತ್ತು ಕೂತಿದ್ದೆ. ಕೈಯೆಲ್ಲ ಅಂಟು ಅಂಟು. ಎದ್ದು ಹೋಗಿ ಸಾಬೂನು ಹಚ್ಚಿ ತೊಳೆದುಕೊಂಡೆ, ಮತ್ತೆ ತೊಳೆದುಕೊಂಡೆ.

ಸೋಮವಾರ ಬಂದಳು. ಕಾಲಿಗೆ ನೀರು, ಕೂಸಿನ ಫೋಟೋಗಳಿಗೆ ಒಂದು ಬೈಗುಳ, ಊಟ. ಮೌಸ್ ಹಿಡಿದು ಕೂತಳು. ಪರದೆ ಬಂತು: ಬಂಡೆ, ಬಾಗಿಲು, ಹುಡುಗಿ. ಅವಳ ಕಣ್ಣು ನೇರ ಉಡಿಗೆ ಹೋಯಿತು.

"ಚಮಚಾ ಐತಲ್ರಿ."

"ಹೂಂ. ಅದರಲೆ ತಗೀತೈತೇನೋ. ಹಾಕಿ ನೋಡು." ನನ್ನ ದನಿ ನನಗೇ ಬೇರೆ ಯಾರದೋ ಅನಿಸಿತು, ಪತ್ರ ಟೈಪ್ ಮಾಡುವವಳದು.

ಅವಳು ಹಾಕಲಿಲ್ಲ. "ಬಟ್ಟಲಾ ಖಾಲಿ ಕೊಟ್ರೇನು?"

ನಾನು ಕೀಬೋರ್ಡಿನ ಮೇಲಿನ ಧೂಳು ಒರೆಸತೊಡಗಿದೆ.

"ಒಳಗೂ ಹೋಗಿ ಬಂದೀರಿ."

"ತಂಗಿ, ಬರೇ ಎರಡ ಸೋಮವಾರ ಉಳದಿದ್ದೂ, ಅದಕ್ಕ..."

"ಒಳಗ ಏನೈತಿ ಅಂತ ಹೇಳಬ್ಯಾಡ್ರಿ," ಎಂದಳು. ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು. ಮೌಸನ್ನು ಅದರ ಜಾಗದಲ್ಲಿಟ್ಟಳು. ಚಾದರದ ಹೊದಿಕೆ ಹೊದಿಸಿ ಗೊಂಡೆಗಳನ್ನು ಸರಿ ಮಾಡಿದಳು. ಹೊರಗೆ ಹೋಗಿ ಅತ್ತೆಯ ಮುಂದೆ ಕೂತು ಮೆಂತ್ಯೆ ಸೊಪ್ಪು ಬಿಡಿಸಿದಳು, ಐದರ ಬಸ್ಸಿನ ಹೊತ್ತಿನವರೆಗೂ. ಕೊನೆಯ ಸೋಮವಾರ ದವಾಖಾನೆಯಿಂದ ನೇರವಾಗಿ ಬಸ್‌ಸ್ಟ್ಯಾಂಡಿಗೆ ಹೋದಳಂತೆ. ತಲೆ ನೋಯುತ್ತಿತ್ತು ಎಂದು ಹೇಳಿ ಕಳಿಸಿದ್ದಳು. ಅತ್ತೆ ಅವಳ ಉಡಿ ತುಂಬಲು ತೆಗೆದಿಟ್ಟಿದ್ದ ಅಕ್ಕಿ, ಕಾಯಿ, ಖಣ ತಟ್ಟೆಯಲ್ಲೇ ಉಳಿದವು.

ಆಮೇಲೆ ಕಂಪ್ಯೂಟರುಗಳು ಬದಲಾದವು, ಆ ಕೋಣೆ ಹೋಗಿ ಬಾತ್‌ರೂಮ್ ಆಯಿತು, ಫ್ಲಾಪಿಗಳನ್ನು ನಾನೇ ಕಸದ ಗಾಡಿಗೆ ಹಾಕಿದೆ. ನಾದಿನಿ ತನ್ನ ಮೈದುನನ ಮಗಳನ್ನು ಬೆಳೆಸಿಕೊಂಡಳು. ಗಂಡ ಮಲಗಿದಲ್ಲೇ ಆದಮೇಲೆ ಅಂಗಡಿಯನ್ನು ತಾನೇ ನಡೆಸಿದಳು, ಗುರುವಾರ ಗುಡಿಗೆ ಬರುವವರ ಗದ್ದಲವನ್ನೆಲ್ಲ ಒಂದೇ ಗಂಟಲಿನಲ್ಲಿ ಸಂಭಾಳಿಸುತ್ತಿದ್ದಳು. ಮದುವೆ, ಮುಂಜಿಗಳಲ್ಲಿ ಸಿಗುತ್ತಿದ್ದೆವು. "ಊಟ ಆತೇನ್ರಿ ವೈನಿ?" "ಆತು, ನಿಂದು?" ಅಷ್ಟೇ. ಮೂವತ್ತು ವರ್ಷ.

ಮೊಮ್ಮಗಳು ಈಗ ನನ್ನ ಟ್ಯಾಬಿನಲ್ಲಿ ಅಂಥದೇ ಒಂದು ಗೇಮ್ ಹಾಕಿಕೊಟ್ಟಿದ್ದಾಳೆ. ಬಣ್ಣ ಬಣ್ಣದ ಊರು, ಬಾಗಿಲುಗಳು. ಎಲ್ಲಾದರೂ ಎರಡು ನಿಮಿಷ ನಿಂತರೆ ಒಂದು ಹಳದಿ ಬಲ್ಬು ಕುಣಿಯುತ್ತದೆ: ಸುಳಿವು ಬೇಕೇ, ಒಂದು ಜಾಹೀರಾತು ನೋಡಿ. ಟೂತ್‌ಪೇಸ್ಟಿನ ಹಲ್ಲು ನೋಡಿದರೆ ಬಾಗಿಲು ತೆರೆಯುತ್ತದೆ. ಇದನ್ನು ಬೈಯಲು ಬಾಯಿ ತೆರೆದೆ, ತೆರೆದ ಬಾಯಿ ಮುಚ್ಚಿದೆ. ಇವರಿಗೆ ಜಾಹೀರಾತು ಮೊದಲೇ ಸಿಗುತ್ತದೆ. ನಾನು ಅಂಚೆಚೀಟಿ ಹಚ್ಚಿ ಸುಳಿವು ತರಿಸಿಕೊಂಡು, ಆಣೆ ಮುರಿದು, ಕೊನೆಗೆ ಅದನ್ನು ನೋಡಿದೆ.

ಎರಡು ವರ್ಷದ ಹಿಂದೆ, ನಾದಿನಿಗೆ ಎದೆಯ ಬೇನೆ, ಬಹಳ ದಿನವಿಲ್ಲ ಎಂದು ಕೇಳಿ ಅಕ್ಕಲಕೋಟೆಗೆ ಹೋದೆ. ಸ್ಟೀಲಿನ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಒಯ್ದಿದ್ದೆ. ಬೇನೆಯವಳು ಮನೆಯಲ್ಲಿ ಮಲಗಿರಬಹುದು ಎಂದುಕೊಂಡರೆ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಳು, ಒಣಕಲಾಗಿ, ಕುತ್ತಿಗೆಗೆ ಮಫ್ಲರು ಸುತ್ತಿಕೊಂಡು. ಸುತ್ತ ಕೊಳೆತ ಚೆಂಡು ಹೂವಿನ ವಾಸನೆ, ನೊಣ. ನನಗೆ ಖುರ್ಚಿ ಒರೆಸಿ ಕೊಟ್ಟಳು. ಡಬ್ಬಿಯನ್ನು ಒಳಗೆ ಕೊಟ್ಟು ಕಳಿಸಿದಳು. ಹೋಳಿಗೆಯ ಮಾತು, ಮೊಣಕಾಲಿನ ಮಾತು ಆದವು. ಆಮೇಲೆ, ಹೂವು ಕಟ್ಟುವುದನ್ನು ನಿಲ್ಲಿಸದೆ,

"ವೈನಿ, ಆ ಮುದಕಿ ಕೊಟ್ಟಿದ್ದು ಮೀನಿನ ಸಾರ ಇತ್ತಲ್ರಿ?"

ನನ್ನ ಕಿವಿಯವರೆಗೆ ರಕ್ತ ಏರಿತು. "ನಿನಗ ಹೆಂಗ ಗೊತ್ತು?"

"ಬೆಕ್ಕ ಬಂದು ಆಕಿ ಬುಟ್ಟಿ ಸುತ್ತಾ ಸುತ್ತತಿತ್ತಲ್ಲ. ಬ್ಯಾಳಿ ಸಾರಿಗೆ ಯಾವ ಬೆಕ್ಕ ಬರತೈತ್ರಿ? ನೀವ ಓದೂದ ಚಂದಿತ್ತು, ಅದಕ್ಕ ಸುಮ್ಮನಿದ್ದೆ." ಕೆಮ್ಮಿದಳು. ಕೆಮ್ಮು ನಿಂತ ಮೇಲೆ, "ಈಗ ಹೇಳ್ರಿ. ಬಾಗಲದಾಗ ಏನಿತ್ತು?"

ಈ ಪ್ರಶ್ನೆಗೆ ಮೂವತ್ತು ವರ್ಷದಿಂದ ನನ್ನ ಹತ್ತಿರ ಒಂದು ಉತ್ತರ ತಯಾರಿತ್ತು. ಒಳಗೆ ಮೆಟ್ಟಿಲು, ಮೇಲೆ ದೀಪ, ದೀಪದ ಬುಡದಲ್ಲಿ ಅಪ್ಪ, ಅವನು ಮಗಳನ್ನು ನೋಡಿ ಎದ್ದು ನಿಲ್ಲುತ್ತಾನೆ. ರಾತ್ರಿ ನಿದ್ದೆ ಬಾರದಾಗ ಎಷ್ಟೋ ಸಲ ಅದನ್ನು ತಿದ್ದಿ ತಿದ್ದಿ ಚೆಂದ ಮಾಡಿದ್ದೆ. ಆದರೆ ಬೇಳೆಯ ಸಾರನ್ನು ಅವಳು ಅವತ್ತೇ ಹಿಡಿದಿದ್ದಳಲ್ಲ.

"ಏನೂ ಇರಲಿಲ್ಲ, ತಂಗಿ. ಬರೇ ಕತ್ತಲಿ. ಎರಡನೇ ಭಾಗ ಕೊಳ್ರಿ ಅಂತ ಜಾಹೀರಾತ ಬರದಿದ್ರು."

"ಅಪ್ಪ?"

"ಇರಲಿಲ್ಲ."

ಹೂವು ಕಟ್ಟುವ ಕೈ ನಿಂತಿತು. ನನ್ನ ಮುಖವನ್ನೇ ನೋಡಿದಳು, ಈ ಸಲ ನಾನು ಏನು ತಿದ್ದಿದ್ದೇನೆ ಎಂದು ಹುಡುಕುವವರ ಹಾಗೆ. ಏನೂ ಸಿಗಲಿಲ್ಲ.

"ಅಯ್ಯ ನಿಮ್ಮ! ಇಷ್ಟಕ್ಕ ಬಟ್ಟಲಾ ಖಾಲಿ ಕೊಟ್ಟಿದ್ರಿ?"

ಅಂದವಳು ನಗತೊಡಗಿದಳು. ಸ್ಟೂಲು ಅಲುಗಾಡುವ ಹಾಗೆ ನಕ್ಕಳು. ಕಾಯಿ ಕೇಳುತ್ತ ನಿಂತಿದ್ದ ಗಿರಾಕಿಗೆ, "ಥಾಂಬಾ ಹೋ ಜರಾ!" ಎಂದು ಗದರಿಸಿ, ಅವನನ್ನು ಅಲ್ಲೇ ನಿಲ್ಲಿಸಿ, ಮತ್ತೆ ನಕ್ಕಳು. ನನಗೆ ನಗು ಬರಲಿಲ್ಲ. ನಾಚಿಕೆಯಾಗಿತ್ತು. ಆದರೂ ಅವಳು ನಗುವುದನ್ನು ಇನ್ನೂ ನೋಡಬೇಕು ಎಂದೇ ಅನಿಸಿತು.

ಬಸ್‌ಸ್ಟ್ಯಾಂಡಿನವರೆಗೆ ಬಂದಳು, ಬೇಡ ಎಂದರೂ ಕೇಳದೆ. ನಾನು ಹತ್ತಿ ಕೂತ ಮೇಲೆ ಕಿಟಕಿಯಿಂದ ಡಬ್ಬಿಯನ್ನು ಒಳಗೆ ಚಾಚಿದಳು. ತೊಳೆದ ಡಬ್ಬಿ, ಕೈಗೆ ಭಾರವಾಗಿ ಬಂತು.

"ಏನ ಇಟ್ಟೀ ಇದರಾಗ?"

"ಪೇಢೆ. ಅಂಗಡೀವ. ಖಾಲಿ ಕೊಡಾಕ ನನಗ ಇನ್ನೂ ಕಲಿಯಾಕ ಆಗಿಲ್ರಿ ವೈನಿ."

ಬಸ್ಸು ಶುರುವಾಯಿತು. ಕಿಟಕಿಯ ಗಾಜಿಗೆ ಯಾರೋ ಉಗುಳಿದ ತಂಬಾಕಿನ ಕಲೆ ಒಣಗಿ ಹತ್ತಿಕೊಂಡಿತ್ತು, ಗಾಜು ಅರ್ಧದ ಮೇಲೆ ಸರಿಯಲೂ ಇಲ್ಲ. ಆ ಕೊಳೆಯ ಆಚೆ ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು, ಹೆಗಲು ಕುಲುಕುತ್ತಿತ್ತು. ನಗುತ್ತಿದ್ದಳೋ, ಕೆಮ್ಮುತ್ತಿದ್ದಳೋ, ಬಸ್ಸು ತಿರುಗುವವರೆಗೂ ನೋಡಿದೆ, ನನಗೆ ತಿಳಿಯಲಿಲ್ಲ.